ಎರಡು ಸಾರು, ಒಂದು ಬಿಕ್ಕಳಿಕೆ

ನಮ್ಮೂರಿನಲ್ಲಿ ತರಕಾರಿಯವನು ಕೂಡ "ಬೆಂಡೇ, ಹೀರೇ, ಎಳೇ ಬದನೇ" ಎಂದು ಕೂಗಿ, ಉಸಿರು ಎಳೆದುಕೊಂಡು, "ಈ ಕೂಗು ನಮ್ಮಪ್ಪ ಲಕ್ಕಣ್ಣಂದು" ಎಂದು ಸೇರಿಸುತ್ತಾನೆ. ಸೇರಿಸದಿದ್ದರೆ ಮನೆಯ ಜಗಲಿಯಲ್ಲಿ ಕೂತ ಲಕ್ಕಣ್ಣ ಬಿಕ್ಕಳಿಸತೊಡಗುತ್ತಾನೆ. ನೀರು ಕುಡಿದರೆ, ಮೂಗು ಹಿಡಿದರೆ, ಸಕ್ಕರೆ ನುಂಗಿದರೆ ನಿಲ್ಲುವ ಬಿಕ್ಕಳಿಕೆಯಲ್ಲ ಅದು. ಮಾತು ಎತ್ತಿಕೊಂಡವರು ಮಾತಿನ ಒಡೆಯರ ಹೆಸರು ಹೇಳಿದರೆ ಮಾತ್ರ ನಿಲ್ಲುತ್ತದೆ. ತೀರಿಹೋದವರ ಪಾಲಿನದು ಆ ಮನೆಯ ಅತಿ ಕಿರಿಯರಿಗೆ ಬರುತ್ತದೆ. ನಮ್ಮ ಕೂಸುಗಳು ತೊಟ್ಟಿಲಲ್ಲಿ ಅಷ್ಟೊಂದು ಬಿಕ್ಕುವುದು ಅದಕ್ಕೇ. ಆಗ ತಾಯಂದಿರು ಬಾಗಿಲಿಗೆ ಬಂದು, "ಯಾರ್ರೀ ಅದು ನಮ್ಮ ಮಾವನ ಮಾತು ಆಡ್ತಿರೋದು? ಹೆಸ್ರು ಹೇಳ್ರಿ, ಕೂಸಿಗೆ ಹಾಲು ಇಳೀತಿಲ್ಲ" ಎಂದು ಕೂಗುತ್ತಾರೆ. ಎಲ್ಲಿಂದಲೋ ಯಾರೋ ನಾಚಿಕೊಂಡು ಹೆಸರು ಹೇಳುತ್ತಾರೆ. ಕೂಸು ಸುಮ್ಮನಾಗುತ್ತದೆ.

ಸೇತುವೆ ದಾಟಿದರೆ ಈ ನಿಯಮವಿಲ್ಲ. ಹಾಗಾಗಿ ಬಸ್ಸು ಸೇತುವೆ ದಾಟಿದ್ದೇ ತಡ, ನಮ್ಮವರು ಕಂಡಕಂಡವರ ಮಾತನ್ನೆಲ್ಲ ಹೆಸರಿಲ್ಲದೆ ಆಡಿ ಹಗುರಾಗುತ್ತಾರೆ. ವಾಪಸು ಬರುವಾಗ ಸೇತುವೆಯ ಹತ್ತಿರ ಬಸ್ಸೆಲ್ಲ ಗಪ್‌ಚಿಪ್ ಆಗುತ್ತದೆ.

ಬಿಕ್ಕಳಿಕೆ ನಮ್ಮಲ್ಲಿ ತೊಂದರೆಯೂ ಹೌದು, ಮರ್ಯಾದೆಯೂ ಹೌದು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು, "ಬಿಕ್ತಾಳಾ?" ಎಂದು ಕೇಳುತ್ತಾರೆ. ನಮ್ಮಕ್ಕ ಕುಮುದ ಹೈಸ್ಕೂಲಿನಿಂದಲೇ ದಿನ ಬಿಟ್ಟು ದಿನ ಬಿಕ್ಕುತ್ತಿದ್ದಳು. ಊರಿನ ಅರ್ಧ ಜನರ ಅಡ್ಡಹೆಸರು ಅವಳು ಇಟ್ಟದ್ದು. ಮಾತಾಡುವಾಗ ಎಂಜಲು ಸಿಡಿಸುವ ಹೆಡ್‌ಮಾಸ್ತರರನ್ನು ಅವಳು 'ಒಗ್ಗರಣೆ ಮೇಷ್ಟ್ರು' ಎಂದು ಕರೆದ ವಾರವಿಡೀ ಅಮ್ಮನಿಂದ ಅವಳಿಗೆ ಗಂಜಿ ಬಿಟ್ಟು ಬೇರೇನೂ ಕೊಡಲಾಗಲಿಲ್ಲ. ಅಮ್ಮ ಬೈಯುತ್ತಿದ್ದಳು. ಆದರೆ ಬೈಯುವಾಗ ಅವಳ ಕಣ್ಣಲ್ಲಿ ಹೆಮ್ಮೆ ಇರುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ. ನೋಡುವುದು ನನ್ನ ಅಭ್ಯಾಸ.

ನಾನು ಹುಟ್ಟಿದಾಗಿನಿಂದ ನನ್ನ ಸ್ವಂತ ಮಾತಿಗಾಗಿ ಬಿಕ್ಕಿದವಳಲ್ಲ. ಎತ್ತಿಕೊಳ್ಳುವಂಥ ಮಾತನ್ನು ಆಡಿದ್ದರೆ ತಾನೆ? ಬಾಯಿ ತೆರೆಯುವ ಮೊದಲು ಈ ಮಾತು ಯಾರದು, ಎಲ್ಲಿ ಕೇಳಿದೆ ಎಂದು ಯೋಚಿಸುತ್ತೇನೆ. ಯೋಚಿಸಿ ಮುಗಿಯುವಷ್ಟರಲ್ಲಿ ಜನ ಬೇರೆ ವಿಷಯಕ್ಕೆ ಹೋಗಿರುತ್ತಾರೆ. "ನಮ್ಮ ವಾರಿಜ ಪಾಪದೋಳು" ಎಂದು ನೆಂಟರು ಹೇಳುತ್ತಿದ್ದರು. ಆ ಮಾತು ನಮ್ಮಮ್ಮನದು ಎಂದೂ ಸೇರಿಸುತ್ತಿದ್ದರು.

ಎಂ.ಎ. ಕೊನೆಯ ವರ್ಷದಲ್ಲಿ ಸಂಪ್ರಬಂಧ ಬರೆಯಬೇಕಿತ್ತು. ನನ್ನ ಮಾರ್ಗದರ್ಶಕರು ತಿಪ್ಪೇಸ್ವಾಮಿ ಸರ್. ಸೇತುವೆಯಾಚೆಯಿಂದ ವರ್ಗವಾಗಿ ಬಂದವರು. ಬಂದ ಹೊಸದರಲ್ಲಿ ತರಗತಿಯಲ್ಲಿ ಯಾರದೋ ವಿಚಾರವನ್ನು ಹೆಸರು ಹೇಳದೆ ಹೇಳಿ, ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ಸಹೋದ್ಯೋಗಿಯನ್ನು ಒಂದು ಗಂಟೆ ಬಿಕ್ಕಿಸಿದ್ದರು. ಆಮೇಲೆ ಹುಷಾರಾದರು. ಆದರೂ ನಮ್ಮನ್ನು ಕಂಡರೆ ಅವರಿಗೆ ಅಚ್ಚರಿ ಹೋಗಿರಲಿಲ್ಲ.

"ಬೇರೆ ಕಡೆ ಹುಡುಗರಿಗೆ ಹೆಸರು ಹಾಕ್ರಪ್ಪ ಅಂತ ಬೇಡ್ಕೋಬೇಕು," ಎಂದು ನನ್ನ ಕರಡನ್ನು ತಿರುವುತ್ತ ಹೇಳಿದರು. "ಇಲ್ಲಿ ನೋಡಿದ್ರೆ ಹೆಸರು ಬಿಟ್ಟು ಬೇರೇನೂ ಹಾಕಲ್ಲ ನೀವು."

ನನ್ನ ವಿಷಯ ಸಾರು. ನಗಬೇಡಿ. ಸಾರು ನಮ್ಮೂರಿನಲ್ಲಿ ನಗುವ ವಿಷಯವಲ್ಲ. ಮೇಲ್ಬೀದಿಯವರು ಸಾರಿಗೆ ಬೆಲ್ಲ ಹಾಕುತ್ತಾರೆ, ಕೆಳಬೀದಿಯವರು ಹಾಕುವುದಿಲ್ಲ. ಇದರಿಂದ ಮದುವೆಗಳು ಮುರಿದಿವೆ. ಮುರಿಯದ ಮದುವೆಗಳಲ್ಲಿ ಎರಡು ಕೊಳಗ ಸಾರು ಕುದಿಯುತ್ತದೆ. ಅಪ್ಪ ಮೇಲ್ಬೀದಿಯವರು, ಅಮ್ಮ ಕೆಳಬೀದಿಯವಳು. ಹಾಗಾಗಿ ನಮ್ಮ ಮನೆಯ ಒಲೆಯ ಮೇಲೆ ದಿನವೂ ಎರಡು ಪಾತ್ರೆ. ಒಂದು ಅಪ್ಪನ ತಾಯಿ ರುದ್ರಾಣಜ್ಜಿ ಬೆಲ್ಲ ಹಾಕಿ ಮಾಡಿದ್ದು, ಇನ್ನೊಂದು ಅಮ್ಮ ಹಾಕದೆ ಮಾಡಿದ್ದು. ಅಪ್ಪ ಎರಡರಿಂದಲೂ ಒಂದೊಂದು ಸೌಟು ಹಾಕಿಸಿಕೊಂಡು, ತಲೆ ಎತ್ತದೆ ಉಂಡು, ಕೈ ತೊಳೆದು, ಅಂಗಡಿಗೆ ಹೊರಟುಬಿಡುತ್ತಿದ್ದರು. ಈ ಜಗಳ ಎಲ್ಲಿಂದ ಬಂತು ಎಂಬುದೇ ನನ್ನ ಪ್ರಶ್ನೆ.

ಆಕರಗಳಿಗೆ ಕೊರತೆ ಇರಲಿಲ್ಲ. ಮನೆಯಲ್ಲೇ ರುದ್ರಾಣಜ್ಜಿ. ಕೆಳಬೀದಿಯಲ್ಲಿ ಅಮ್ಮನ ತಾಯಿ ನಂಜಜ್ಜಿ. ಇಬ್ಬರೂ ಬೀಗಿತ್ತಿಯರು, ಮದುವೆಯ ದಿನದಿಂದ ಒಬ್ಬರ ಮನೆಯಲ್ಲಿ ಒಬ್ಬರು ಉಂಡವರಲ್ಲ. ಜೊತೆಗೆ ಪುರಸಭೆಯ ಕಪಾಟಿನಲ್ಲಿ ಒಂದು ಹಳೆಯ ವರದಿ ಸಿಕ್ಕಿತು. ಊರಿಗೆ ಹೊಳೆಯ ನೀರು ನಲ್ಲಿಯಲ್ಲಿ ಬರುವ ಮೊದಲು ಹೊರಗಿನ ಎಂಜಿನಿಯರರೊಬ್ಬರು ಬಾವಿಗಳನ್ನು ಪರೀಕ್ಷಿಸಿ ಬರೆದದ್ದು. ಮೂವರ ಮಾತನ್ನೂ ಶ್ರದ್ಧೆಯಿಂದ ಬರೆದುಕೊಂಡು, ಪ್ರತಿ ವಾಕ್ಯದ ಕೆಳಗೂ ಹೆಸರು ಹಾಕಿದೆ. 'ಮತ್ತು' ಎಂಬ ಪದಕ್ಕೂ ಹಾಕಬೇಕೇ ಎಂದು ಒಮ್ಮೆ ಅನುಮಾನ ಬಂದದ್ದು ನಿಜ.

ಸರ್ ಕರಡನ್ನು ಮೇಜಿನ ಮೇಲಿಟ್ಟರು. "ವಾರಿಜ, ರುದ್ರಾಣಜ್ಜಿ ಹೀಗೆ ಹೇಳುತ್ತಾರೆ, ನಂಜಜ್ಜಿ ಹಾಗೆ ಹೇಳುತ್ತಾರೆ, ಎಂಜಿನಿಯರ್ ಮತ್ತೊಂದು ಹೇಳುತ್ತಾರೆ. ಮೂರೂ ಜನರನ್ನ ಪಂಕ್ತೀಲಿ ಕೂರಿಸಿದ್ದೀಯ, ಎಲೆ ಹಾಕಿದ್ದೀಯ, ಬಡಿಸಿದ್ದೀಯ. ಒಬ್ಬರ ಜೊತೆ ಒಬ್ಬರು ಮಾತಾಡೋ ಹಾಗೆ ಮಾಡೇ ಇಲ್ಲವಲ್ಲ?"

"ಅವರಿಬ್ಬರೂ ಮಾತಾಡಲ್ಲ ಸರ್. ಬೀಗಿತ್ತಿಯರು."

"ಮನೇಲಿ ಬೇಡ, ಕಾಗದದ ಮೇಲೆ ಮಾತಾಡಿಸು. ಇದರಲ್ಲಿ ನಿನ್ನದು ಅಂತ ಏನಿದೆ? ಒಂದು ವಾಕ್ಯ ತೋರಿಸು. ಒಂದೇ ಒಂದು. ಅದಿಲ್ಲದೆ ನಾನು ರುಜು ಹಾಕಲ್ಲಮ್ಮ, ಕೋಪ ಮಾಡ್ಕೋಬೇಡ."

ಕೋಪ ಎಲ್ಲಿಂದ ಬರಬೇಕು? ನನಗೆ ಬಂದದ್ದು ಹೆದರಿಕೆ. ಹೆದರಿಕೆ ಎಂದರೆ ಹೆಚ್ಚಾದೀತೋ ಏನೋ, ಅವಮಾನವೂ ಅಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಹೊರಗಿನವರೊಬ್ಬರು ಈಗ ಬಾಯಿಬಿಟ್ಟು ಹೇಳಿದ ಹಾಗಾಯಿತು. ರುಜು ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಎರಡು ವರ್ಷದ ಓದು ನೀರುಪಾಲು. ಅದಕ್ಕಿಂತ ಹೆಚ್ಚಾಗಿ, ನನ್ನೊಳಗೆ ನಿಜಕ್ಕೂ ಏನೂ ಇಲ್ಲ ಎಂದು ಕಾಲೇಜೇ ಬರೆದುಕೊಟ್ಟಂತೆ.

ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತೆ. ಒಳಗೆ ಎರಡು ಸಾರು ಕುದಿಯುತ್ತಿತ್ತು.

ರುದ್ರಾಣಜ್ಜಿಯ ಮಾತು ಓದಿದೆ. "ನಾನು ಮದ್ವೆಯಾಗಿ ಈ ಬೀದಿಗೆ ಬಂದಾಗ ನಮ್ಮ ಬಾವಿ ನೀರಲ್ಲಿ ಬೇಳೆ ಬೇಯೋಷ್ಟರಲ್ಲಿ ಮಧ್ಯಾಹ್ನ ಆಗ್ತಿತ್ತು. ನಮ್ಮತ್ತೆ ಕೈಹಿಡಿದು ಬೆಲ್ಲ ಹಾಕೋದು ಕಲಿಸಿದ್ರು. ಮೊದ್ಲು ಕೆಳಬೀದಿಯೋರಿಗೂ ಸಾರು ಮಾಡೋಕೆ ಬರ್ತಿತ್ತು, ಈಗೆಲ್ಲ ಮರೆತುಬಿಟ್ಟವ್ರೆ." ಆಮೇಲೆ ನಂಜಜ್ಜಿಯದು. "ನಮ್ಮ ಬಾವಿ ನೀರು ಎಳನೀರು ಕಣವ್ವ. ಅದಕ್ಕೆ ಬೆಲ್ಲ ಯಾಕೆ ಬೇಕಿತ್ತು? ಚಿಕ್ಕೋಳಿದ್ದಾಗ ಮೇಲ್ಬೀದಿ ಮದ್ವೇಲಿ ಉಂಡಿದ್ದೀನಿ, ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿತ್ತು. ಈಗಿನದು ಪಾಯಸ." ಎಂಜಿನಿಯರರ ವರದಿಯಲ್ಲಿ ಸಾರಿನ ಮಾತೇ ಇರಲಿಲ್ಲ. ಮೇಲ್ಬೀದಿಯ ಬಾವಿ ಸವುಳು, ಕೆಳಬೀದಿಯದು ಸಿಹಿ, ಎರಡನ್ನೂ ಮುಚ್ಚಿ ಇಡೀ ಊರಿಗೆ ಒಂದೇ ನೀರು ಕೊಡತಕ್ಕದ್ದು ಎಂದಿತ್ತು.

ಇಷ್ಟು ದಿನ ನಾನು ಪ್ರತಿಯೊಂದನ್ನೂ ಅದರದರ ಹೆಸರಿನ ಜೊತೆ ಓದುತ್ತಿದ್ದೆ. ಅಂದು ಸುಸ್ತಾಗಿತ್ತು, ಹೆಸರುಗಳ ಮೇಲೆ ಕಣ್ಣು ನಿಲ್ಲಲಿಲ್ಲ. ಇಬ್ಬರು ಅಜ್ಜಿಯರೂ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ, ಒಂದೇ ಮಾತು ಹೇಳಿದ್ದರು. ಮೊದಲು ಇನ್ನೊಂದು ಬೀದಿಯ ಸಾರು ಚೆನ್ನಾಗಿತ್ತಂತೆ. ಹಾಗಾದರೆ ಜಗಳ ಹಳೆಯದಲ್ಲ. ಸವುಳು ನೀರಿನ ಒಗರನ್ನು ಮುಚ್ಚಲು ಬೆಲ್ಲ ಬೇಕಿತ್ತು, ಸಿಹಿ ನೀರಿಗೆ ಬೇಕಿರಲಿಲ್ಲ. ಎರಡೂ ಬೀದಿಯವರು ಒಂದೇ ರುಚಿಯನ್ನು ಮಾಡುತ್ತಿದ್ದರು. ಬಾವಿ ಮುಚ್ಚಿತು, ನಲ್ಲಿ ಬಂತು, ಕೈ ಮಾತ್ರ ಹಳೆಯ ಬಾವಿಗೇ ಅಡುಗೆ ಮಾಡುತ್ತ ಉಳಿಯಿತು.

ಬರೆದೆ: 'ನೀರು ಒಂದಾದ ಮೇಲೆ ಸಾರು ಎರಡಾಯಿತು.'

ಬರೆದ ತಕ್ಷಣ ಗಾಬರಿಯಾಯಿತು. ಇದು ಯಾರದು? ಕೈ ತಾನಾಗಿಯೇ ಕೆಳಗೆ ಹೋಗಿ, 'ರುದ್ರಾಣಜ್ಜಿ ಮತ್ತು ನಂಜಜ್ಜಿ ಹೇಳಿದಂತೆ' ಎಂದು ಬರೆದುಬಿಟ್ಟಿತು. ನಮ್ಮೂರಿನವರ ಕೈ ಅದು. ಪೆಟ್ಟು ಬೀಳುತ್ತದೆ ಎಂದರೆ ಮುಖಕ್ಕೆ ಅಡ್ಡ ಹೋಗುವ ಹಾಗೆ ಹೆಸರು ಬರೆಯಲು ಹೋಗುತ್ತದೆ.

ಮರುದಿನ ಸರ್ ಆ ವಾಕ್ಯದ ಮೇಲೆ ಬೆರಳಿಟ್ಟರು. "ಇದನ್ನ ಅಜ್ಜಿಯರು ಹೇಳಿದ್ರಾ?"

"ಅವರು ಹೇಳಿದ್ದರಿಂದ ಬಂತು ಸರ್."

"ಅದು ಬೇರೆ, ಇದು ಬೇರೆ. ಹೋಗಿ ಕೇಳ್ಕೊಂಡು ಬಾ."

ಮೊದಲು ನಂಜಜ್ಜಿಯ ಮನೆಗೆ ಹೋದೆ. ಅಜ್ಜಿ ಮೊರದಲ್ಲಿ ಕಾಳು ಕೇರುತ್ತಿದ್ದಳು. ವಾಕ್ಯವನ್ನು ಓದಿ, ಬಿಡಿಸಿ ಹೇಳಿದೆ. ಮೊರ ನಿಂತಿತು.

"ನಾನ್ಯಾವಾಗ ಹಂಗಂದೆ? ನಮ್ಮ ಸಾರೂ ಆ ಪಾಯಸಾನೂ ಒಂದೇನಾ? ನನ್ನ ಹೆಸ್ರು ಹಾಕಿದ್ಯಾ ಅದಕ್ಕೆ? ತೆಗಿಯೇ! ನಾಕು ಜನ ಓದಿದ್ರೆ ಏನಂದಾರು?"

ರುದ್ರಾಣಜ್ಜಿ ಇನ್ನೂ ಜೋರು. "ಅಂದ್ರೆ ನಮ್ಮನೆ ಬೆಲ್ಲ ಸವುಳು ನೀರಿಗೆ ಹಾಕಿದ್ದು, ಕೈಗುಣ ಏನೂ ಇಲ್ಲ ಅಂತಾಯ್ತು! ಇದು ಆ ನಂಜಿ ಹೇಳ್ಕೊಟ್ಟಿದ್ದೇ ಸೈ. ನನ್ನ ಹೆಸ್ರು ಹೊಡೆದು ಹಾಕು, ಈಗ್ಲೇ, ನನ್ನ ಕಣ್ಣೆದುರಿಗೆ."

ಕಣ್ಣೆದುರಿಗೇ ಹೊಡೆದು ಹಾಕಿದೆ. ವಾಕ್ಯ ಈಗ ಪುಟದ ಮಧ್ಯೆ ಒಂಟಿಯಾಗಿ ನಿಂತಿತ್ತು, ಕೆಳಗೆ ಆಸರೆಗೆ ಒಂದಕ್ಷರವೂ ಇಲ್ಲದೆ. ಇಬ್ಬರದೂ ಅಲ್ಲ ಎಂದರೆ ಮೂರನೆಯವರು ಯಾರಾದರೂ ಇರಬಹುದಲ್ಲ? ಎಂದೋ ಯಾವುದೋ ಕಟ್ಟೆಯ ಮೇಲೆ ಯಾರೋ ಅಂದದ್ದು ನನ್ನ ಕಿವಿಯಲ್ಲಿ ಉಳಿದಿದ್ದರೆ? ಆ ಪುಟವನ್ನು ಸರ್‌ಗೆ ಕೊಟ್ಟು ಬಂದ ದಿನ ನಾನು ಬೀದಿಯಲ್ಲಿ ಕಂಡವರ ಗಂಟಲುಗಳನ್ನೇ ನೋಡುತ್ತ ನಡೆದೆ. ಹೂವಿನಂಗಡಿಯವನು ಒಮ್ಮೆ ಬಿಕ್ಕಿದಾಗ ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಆಚೆ ಬದಿಯಿಂದ ಅವನ ಹೆಂಡತಿ, "ಮಾರಿಗೊಂದು ಹೂವು ಜಾಸ್ತಿ, ಅಂತ ನಮ್ಮೆಜಮಾನ್ರು ಹೇಳೋದು" ಎಂದು ಗಿರಾಕಿಗೆ ಹೇಳಿದಳು. ಅವನು ಸುಮ್ಮನಾದ. ನಾನು ಮುಂದೆ ನಡೆದೆ.

ಸರ್ ರುಜು ಹಾಕಿದರು. ಹಾಕುವಾಗ, "ಪರೀಕ್ಷೆ ದಿನ ಬೆಂಚು ನೋಡೋಣ" ಎಂದರು.

ಬೆಂಚು ಎಂದರೆ ಸಾಕ್ಷಿ ಬೆಂಚು. ನಮ್ಮ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆಯ ದಿನ, ಸಂಪ್ರಬಂಧದಲ್ಲಿ ಹೆಸರು ಬಂದ ಊರಿನವರೆಲ್ಲ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂರಬೇಕು. ಒಳಗೆ ಓದುವಾಗ ಹೊರಗೆ ಯಾರಾದರೂ ಬಿಕ್ಕಿದರೆ ವಿದ್ಯಾರ್ಥಿ ಮುಂದಿನ ವರ್ಷ ಬರಬೇಕು. ಕಿಟಕಿ, ಬಾಗಿಲು ಎಲ್ಲ ತೆರೆದಿಟ್ಟಿರುತ್ತಾರೆ, ಊರಲ್ಲಿ ಬೇರೆಲ್ಲಾದರೂ ಬಿಕ್ಕಳಿಕೆ ಎದ್ದರೂ ಸುದ್ದಿ ಬೇಗ ಮುಟ್ಟಲಿ ಎಂದು. ರುದ್ರಾಣಜ್ಜಿ ರೇಷ್ಮೆ ಸೀರೆಯುಟ್ಟು ಬೆಂಚಿನ ಈ ತುದಿಯಲ್ಲಿ ಕೂತಳು. ನಂಜಜ್ಜಿ ಅದಕ್ಕಿಂತ ದೊಡ್ಡ ಅಂಚಿನ ಸೀರೆಯುಟ್ಟು ಆ ತುದಿಯಲ್ಲಿ ಕೂತಳು. ನಡುವೆ ಅಮ್ಮ, ಅಮ್ಮನ ಮಡಿಲಲ್ಲಿ ನೀರಿನ ಚೊಂಬು. ಕುಮುದ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು.

ಹೊರಗಿನಿಂದ ಬಂದ ಪರೀಕ್ಷಕರು ನನ್ನ ಬರಹವನ್ನು ಗಟ್ಟಿಯಾಗಿ ಓದುತ್ತ ಹೋದರು. ಆ ವಾಕ್ಯ ಬಂತು. "ನೀರು ಒಂದಾದ ಮೇಲೆ ಸಾರು ಎರಡಾಯಿತು," ಎಂದು ಓದಿ, ಕೆಳಗೆ ಯಾವ ಹೆಸರೂ ಕಾಣದೆ, ಅವರೂ ಒಂದು ಕ್ಷಣ ನಿಲ್ಲಿಸಿದರು. ದೂರದ ಸೈಕಲ್ ಗಂಟೆ ಕೇಳಿಸಿತು. ಬಿಕ್ಕಳಿಕೆ ಇಲ್ಲ.

"ಸುಳ್ಳು!" ಎಂದಳು ನಂಜಜ್ಜಿ ಹೊರಗಿನಿಂದ.

"ಶುದ್ಧ ಸುಳ್ಳು!" ಎಂದಳು ರುದ್ರಾಣಜ್ಜಿ.

ನನ್ನ ನೆನಪಿನಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಪರೀಕ್ಷಕರು ಕನ್ನಡಕ ತೆಗೆದು, "ಅವರನ್ನು ಒಳಗೆ ಕರೀರಿ" ಎಂದರು. ಅಜ್ಜಿಯರು ಬಂದು ಮೇಜಿನ ಮುಂದೆ ನಿಂತರು, ಒಬ್ಬರನ್ನೊಬ್ಬರು ನೋಡದೆ.

"ನಿಮ್ಮ ಬಾವಿಯ ನೀರು ಸವುಳು ಅಂತ ಬರೆದಿದ್ದಾಳಲ್ಲಮ್ಮ ನಿಮ್ಮ ಮೊಮ್ಮಗಳು?"

"ಯಾರಂದ್ರು ಸವುಳು ಅಂತ?" ರುದ್ರಾಣಜ್ಜಿ ಸೊಂಟಕ್ಕೆ ಕೈಯಿಟ್ಟಳು.

ಸರ್ ನನ್ನ ಕಡೆ ನೋಡಿದರು. ಮಾತಾಡು ಎಂದು ಕಣ್ಣಲ್ಲೇ ಹೇಳಿದರು. ಈ ಮಾತು ಯಾರದು ಎಂದು ಯೋಚಿಸುವುದಕ್ಕೆ ಸಮಯವಿರಲಿಲ್ಲ.

"ಬೇಳೆ ಬೇಯೋಷ್ಟರಲ್ಲಿ ಮಧ್ಯಾಹ್ನ ಆಗ್ತಿತ್ತು ಅಂದ್ರಲ್ಲಜ್ಜಿ, ಯಾಕೆ ಬೇಯ್ತಿರಲಿಲ್ಲ?"

"ನೀರು ಗಡುಸು. ಅದಕ್ಕೇ..." ಅಜ್ಜಿಯ ಬಾಯಿ ತೆರೆದಂತೆಯೇ ಉಳಿಯಿತು.

"ನಂಜಜ್ಜಿ, ನೀವು ಉಂಡ ಮೇಲ್ಬೀದಿ ಮದುವೆ ಸಾರು ಚೆನ್ನಾಗಿತ್ತು ಅಂದ್ರಿ. ಆಗ ನಲ್ಲಿ ಬಂದಿತ್ತಾ?"

"ಎಲ್ಲಿಯ ನಲ್ಲಿ? ಆಗಿನ್ನೂ ಬಾವಿಯಿಂದ್ಲೇ..." ಅವಳೂ ನಿಂತಳು. ತಿರುಗಿ ಬೀಗಿತ್ತಿಯನ್ನು ನೋಡಿದಳು. "ಅದು ನಿಮ್ಮನೇದೇ ಮದ್ವೆ. ನಿಮ್ಮತ್ತೆ ಕೈ ಸಾರಾ?"

"ಹೂಂ. ನಮ್ಮತ್ತೆದೇ."

"ಚೆನ್ನಾಗಿತ್ತು."

"ನಿಮ್ಮನೇದೂ ಚೆನ್ನಾಗಿರ್ತಿತ್ತಂತೆ. ನಮ್ಮತ್ತೆ ಹೇಳ್ತಿದ್ರು."

ಪರೀಕ್ಷಕರು ಮುಂದೆ ಏನನ್ನೂ ಕೇಳಲಿಲ್ಲ. ಅಂಕ ಬರೆಯುವಾಗ ಅವರು ನಗುತ್ತಿದ್ದುದನ್ನು ನಾನು ನೋಡಿದೆ. ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿಯರು ಸ್ವಲ್ಪ ದೂರ ಒಟ್ಟಿಗೆ ನಡೆದು, ಮೇಲ್ಬೀದಿ ಕೆಳಬೀದಿ ಬೇರೆಯಾಗುವಲ್ಲಿ, ಬೇಳೆಗೆ ಅರಿಸಿನ ಯಾವಾಗ ಹಾಕಬೇಕು ಎಂಬುದರ ಮೇಲೆ ಹೊಸ ಜಗಳ ಹೂಡಿ, ಬೇರೆಯಾದರು.

ನಾನು ಪಾಸಾದೆ. ಸಂತೋಷವಾಯಿತು. ಆದರೆ ಪೂರ್ತಿ ನಂಬಿಕೆ ಬರಲಿಲ್ಲ ಎಂದರೆ ನೀವು ಬೇಸರಪಡಬಾರದು. ಬೇರೆ ಯಾರೂ ಬಿಕ್ಕಲಿಲ್ಲ, ನಿಜ. ಆದರೆ ಅಷ್ಟರಿಂದಲೇ ಅದು ನನ್ನದಾಗಿಬಿಡುತ್ತದೆಯೇ? ಸೇತುವೆಯಾಚೆಯ ಯಾರದೋ ಆಗಿದ್ದರೆ? ಅಲ್ಲಿಯವರು ಬಿಕ್ಕುವುದೇ ಇಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಒದ್ದೆ ಲಂಗವನ್ನು ಕೊಡವಿದಾಗ ಎದೆಯೊಳಗೆ ಏನೋ ಚಿಮ್ಮಿತು. "ಹಿಕ್" ಎಂಬ ಸದ್ದು ಕೇಳಿ ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮತ್ತೆ "ಹಿಕ್". ಅಮ್ಮ ಒಳಗಿನಿಂದ, "ಒಣ ಅವಲಕ್ಕಿ ಮುಕ್ಕಬೇಡ ಅಂತ ಎಷ್ಟು ಸಲ ಹೇಳೋದೆ?" ಎಂದಳು. ನೀರು ತಂದುಕೊಟ್ಟಳು. ಕುಡಿದೆ. ನಿಲ್ಲಲಿಲ್ಲ. ಅಮ್ಮ ನನ್ನ ಮುಖ ನೋಡಿದಳು, ಲೋಟ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ, ಇವಳು ಬಿಕ್ತಾವ್ಳೆ!" ಎಂದು ಕುಮುದ ಬೀದಿಯ ಬಾಗಿಲಿಗೆ ಓಡಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದಳು. ಆಮೇಲೆ ಚಪ್ಪಲಿ ಕೂಡ ಮೆಟ್ಟದೆ ಕೆಳಬೀದಿಗೆ ಹೋದಳು. ಹೋದವಳು ಹಿಟ್ಟಿನ ಗಿರಣಿಯ ಮುಂದೆ ನಂಜಜ್ಜಿಯನ್ನು ಹಿಡಿದಳಂತೆ. ಅಜ್ಜಿ ಹಿಟ್ಟಿನ ಡಬ್ಬದ ಮೇಲೆ ಕೂತು, ಸುತ್ತ ನಿಂತ ಹೆಂಗಸರಿಗೆ, "ನೀರು ಒಂದಾದ ಮೇಲೆ ಸಾರು ಎರಡಾಯ್ತು ಕಣ್ರೇ, ನನ್ನ ಮಾತು ಬರೆದಿಟ್ಕೊಳ್ಳಿ" ಎನ್ನುತ್ತಿದ್ದಳಂತೆ. ಅಕ್ಕ ಗದರಿದ ಮೇಲೆ, "ಅಯ್ಯೋ, ಹೌದಲ್ಲ, ನಮ್ಮ ವಾರಿಜ ಹೇಳಿದ್ದು" ಎಂದಳಂತೆ. ಇಲ್ಲಿ ನನ್ನ ಗಂಟಲು ಆ ಗಳಿಗೆಯಲ್ಲೇ ತೆಪ್ಪಗಾಯಿತು. ಅಲ್ಲಿ ದೂರದಲ್ಲಿ ಯಾರೋ ನನ್ನ ಹೆಸರು ಹೇಳಿದ್ದು ನನಗೆ ಇಲ್ಲಿ, ಬಟ್ಟೆಯ ತಂತಿಯ ಕೆಳಗೆ, ಗೊತ್ತಾಯಿತು. ಅದು ಹೇಗಿರುತ್ತದೆ ಎಂದು ಅಕ್ಕ ಎಂದೂ ಹೇಳಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ಮತ್ತೆ ಶುರುವಾಯಿತು. ತುತ್ತು ಎತ್ತಿದರೆ ಹಿಕ್, ಇಳಿಸಿದರೆ ಹಿಕ್. ಈ ಸಲ ಯಾರೂ ಎಲ್ಲಿಗೂ ಓಡಲಿಲ್ಲ. ಎಲ್ಲರೂ ರುದ್ರಾಣಜ್ಜಿಯನ್ನು ನೋಡಿದೆವು. ಅಪ್ಪ ಕೂಡ ತಲೆ ಎತ್ತಿದರು. ಊಟಕ್ಕೆ ಕೂರುವ ಮುಂಚೆಯಷ್ಟೇ ಅಜ್ಜಿ ಪಕ್ಕದ ಮನೆಯ ಶಾರದಮ್ಮನ ಜೊತೆ ಗೋಡೆಯ ಮೇಲಿಂದ ಬಹಳ ಹೊತ್ತು ಮಾತಾಡಿದ್ದಳು.

"ನನ್ನನ್ಯಾಕೆ ನೋಡ್ತೀರಾ? ಉಣ್ರಿ."

"ಅತ್ತೆ, ಹೇಳ್ಬಿಡಿ. ಹುಡುಗಿಗೆ ಅನ್ನ ಇಳೀತಿಲ್ಲ," ಎಂದಳು ಅಮ್ಮ.

"ನನ್ನ ಮಾತನ್ನೆಲ್ಲ ಇವಳು ಪುಸ್ತಕದ ತುಂಬ ಬರ್ಕೊಂಡಿಲ್ವಾ? ನಾನೊಂದು ಮಾತು ಎತ್ಕೊಂಡ್ರೆ ಏನಾಯ್ತು?"

"ನಾನು ಹೆಸ್ರು, ಹಿಕ್, ಹಾಕಿದ್ದೀನಜ್ಜಿ."

ಅಜ್ಜಿ ಸೌಟು ಹಿಡಿದುಕೊಂಡೇ ಎದ್ದು ಕಿಟಕಿಗೆ ಹೋದಳು. "ಏ ಶಾರದಾ! ಆಗ್ಲೇ ಸಾರಿನ ವಿಷ್ಯ ಹೇಳಿದ್ನಲ್ಲ? ಅದು ನಮ್ಮ ವಾರಿಜಂದು ಕಣೇ. ಓದಿದ ಹುಡುಗಿ."

"ಗೊತ್ತಾಯ್ತು ಬಿಡಿ ಅಜ್ಜಿ," ಎಂದು ಆ ಕಡೆಯಿಂದ ಉತ್ತರ ಬಂತು. "ಅವಳು ಬಿಕ್ಕೋದು ನಮ್ಮ ಅಡುಗೆಮನೆವರ್ಗೂ ಕೇಳಿಸ್ತಿತ್ತು."

ಎದೆ ಶಾಂತವಾಯಿತು. ಅನ್ನ ಸಲೀಸಾಗಿ ಇಳಿಯಿತು. ಅಜ್ಜಿ ಬಂದು ನನ್ನ ಎಲೆಗೆ ಸಾರು ಬಿಡುವಾಗ, ಯೋಚಿಸದೆ ಬಾಯಿಂದ ಬಂದುಬಿಟ್ಟಿತು: "ಇನ್ನೊಂದೆರಡು ತುತ್ತು ಆದ್ಮೇಲೆ ಹೇಳಬಹುದಿತ್ತಲ್ಲಜ್ಜಿ."

ಅಪ್ಪನಿಗೆ ನಗು ಬಂದು ನೆತ್ತಿ ಹತ್ತಿತು. ಕುಮುದ ಕೈ ತೊಳೆದವಳೇ ಆ ಮಾತನ್ನು ಹೊತ್ತುಕೊಂಡು ಬೀದಿಗೆ ಹೊರಟಳು. ನಾನು ಸಂಜೆಯವರೆಗೂ ಜಗಲಿಯಲ್ಲಿ ಕಾದು ಕೂತೆ. ಒಂದು ಬಿಕ್ಕೂ ಬರಲಿಲ್ಲ. ಹೇಳಿದಲ್ಲೆಲ್ಲ ನನ್ನ ಹೆಸರು ಸೇರಿಸಿಯೇ ಹೇಳಿದಳಂತೆ ಪುಣ್ಯಾತ್ಗಿತ್ತಿ.